ಟಾಪ್ ಕತ್ತರಿಸುವ ಮುನ್ನ ಈ ಹೆರಾಲ್ಡ್ ಕಥೆ ಕೇಳಿ

ಕಳೆದ ಬೇಸಿಗೆಯಲ್ಲಿ ನಮ್ಮ ಜಿಲ್ಲಾ ಕೇಂದ್ರದ ಒಂದು ಟಿಂಕರಿಂಗ್ ಶೆಡ್ಡಿಗೆ ಹೋಗಿದ್ದೆ. ಎರಡು ಹಳೇ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್, ಇನ್ನೊಂದು ಫಿಯೆಟ್. ಎರಡಕ್ಕೂ ಟಾಪ್ ಇರಲಿಲ್ಲ. ಹೆರಾಲ್ಡಿನ ಬಾಗಿಲು ಒಂದು ಕೈಯಲ್ಲಿ ತಳ್ಳಿದರೆ ಮುಚ್ಚುತ್ತಿತ್ತು. ಫಿಯೆಟ್ಟಿನ ಬಾಗಿಲು ಇಬ್ಬರು ಒತ್ತಿದರೂ ಕೂರಲಿಲ್ಲ.

"ಮದುವೆ ಮೆರವಣಿಗೆಗೆ ಓಪನ್ ಕಾರು ಬೇಕು ಅಂತ ಎಲ್ಲೋ ಟಾಪ್ ಕುಯ್ಸಿದ್ದಾರೆ ಸಾರ್. ಈಗ ಗಾಡಿ ನಡು ಬಿದ್ದೋಗಿದೆ" ಅಂದರು ಮೇಸ್ತ್ರಿ.

ಒಂದಕ್ಕೆ ಟಾಪ್ ತೆಗೆದರೂ ಏನೂ ಆಗಲಿಲ್ಲ, ಇನ್ನೊಂದರ ಪ್ರಾಣವೇ ಹೋಯಿತು. ಯಾಕೆ? ಇದಕ್ಕೆ ಉತ್ತರ 1950ರ ದಶಕದ ಇಂಗ್ಲೆಂಡಿನಲ್ಲಿದೆ.

ಕೊವೆಂಟ್ರಿ ನಗರದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಬಾಡಿ ಮಾಡಿಕೊಡುತ್ತಿದ್ದದ್ದು ಫಿಶರ್ ಅಂಡ್ ಲಡ್ಲೋ ಎಂಬ ಕಾರ್ಖಾನೆ. 1953ರಲ್ಲಿ ಆ ಕಾರ್ಖಾನೆಯನ್ನು ಎದುರಾಳಿಯಾದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಕೊಂಡುಕೊಂಡಿತು. ಹೊಸ ಕಾರಿಗೆ ಇಡೀ ಬಾಡಿಯನ್ನು ಒಂದೇ ಕಡೆ ಮಾಡಿಸುವ ದಾರಿ ಮುಚ್ಚಿತು.

ಆಗ ಕಂಪನಿಯ ಎಂಜಿನಿಯರ್ ಹ್ಯಾರಿ ವೆಬ್‌ಸ್ಟರ್ ತಂಡ ಹಳೇ ಕಾಲದ ಉಪಾಯಕ್ಕೇ ಮರಳಿತು. ಕೆಳಗೆ ಗಟ್ಟಿ ಚಾಸಿಸ್, ಅದರ ಮೇಲೆ ಬೇರೆ ಬೇರೆ ಕಡೆ ತಯಾರಾದ ಬಾಡಿ ಭಾಗಗಳನ್ನು ಬೋಲ್ಟ್ ಹಾಕಿ ಜೋಡಿಸುವುದು. ರೂಪ ಕೊಟ್ಟವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1959ರಲ್ಲಿ ಟ್ರಯಂಫ್ ಹೆರಾಲ್ಡ್ ರಸ್ತೆಗಿಳಿಯಿತು. ಅದರ ಟಾಪ್ ಕೂಡ ಬೋಲ್ಟ್ ಹಾಕಿ ಕೂರಿಸಿದ್ದೇ. ಹಾಗಾಗಿ ಮರುವರ್ಷವೇ, 1960ರಲ್ಲಿ, ಬಟ್ಟೆಯ ಹುಡ್ ಇರುವ ಕನ್ವರ್ಟಿಬಲ್ ಹೊರತರುವುದು ಕಂಪನಿಗೆ ಕಷ್ಟವಾಗಲಿಲ್ಲ.

ನಮ್ಮ ಕಮಾನುಗಾಡಿ ನೆನಪಿಸಿಕೊಳ್ಳಿ. ಕಮಾನು ಬಿಚ್ಚಿದರೆ ಗಾಡಿ ಮುರಿಯುವುದಿಲ್ಲ, ಭಾರವೆಲ್ಲ ಕೆಳಗಿನ ಮರದ ಮೇಲಿರುತ್ತದೆ. ಹೆರಾಲ್ಡ್ ಹಾಗೆ. ಫಿಯೆಟ್, ಅಂಬಾಸಿಡರ್ ಹಾಗಲ್ಲ. ಅವುಗಳಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಬೆಂಕಿಪೊಟ್ಟಣದ ಹೊರಗಿನ ಗೂಡನ್ನು ಕೈಯಲ್ಲಿ ಹಿಡಿದು ಮೇಲ್ಭಾಗ ಕತ್ತರಿಸಿ ನೋಡಿ, ಉಳಿದದ್ದು ಹೇಗೆ ಬಳುಕುತ್ತದೆಂದು ಗೊತ್ತಾಗುತ್ತದೆ. ಆ ಫಿಯೆಟ್ಟಿಗೆ ಆದದ್ದೂ ಇದೇ. ಕತ್ತರಿಸಿದ್ದು ಟಾಪ್, ಬಗ್ಗಿದ್ದು ನೆಲ.

ಭಾಗ ಭಾಗವಾಗಿ ಜೋಡಿಸುವ ಕಾರು ದೂರದ ದೇಶಗಳಿಗೂ ಅನುಕೂಲವಾಯಿತು. 1961ರಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು 'ಸ್ಟ್ಯಾಂಡರ್ಡ್ ಹೆರಾಲ್ಡ್' ಎಂಬ ಹೆಸರಲ್ಲಿ ತಯಾರಿಸತೊಡಗಿತು. ಅಂಬಾಸಿಡರ್, ಫಿಯೆಟ್ ಬಿಟ್ಟರೆ ಆಗ ಭಾರತದಲ್ಲಿ ಕೊಳ್ಳಲು ಸಿಗುತ್ತಿದ್ದ ಮೂರನೇ ಕಾರು ಇದೇ. 948 ಸಿಸಿ ಎಂಜಿನ್, ಶುರುವಿನಲ್ಲಿ ಎರಡೇ ಬಾಗಿಲು. ಮುಂದೆ ನಮ್ಮ ದೇಶಕ್ಕೆಂದೇ ನಾಲ್ಕು ಬಾಗಿಲಿನದೂ ಬಂತು. ಇದರ ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ತೆರೆದುಕೊಳ್ಳುತ್ತದೆ. ಟೈರಿನ ಮೇಲೆ ಕೂತೇ ಎಂಜಿನ್ ರಿಪೇರಿ ಮಾಡಬಹುದು ಎಂದು ಹಳೇ ಮೆಕ್ಯಾನಿಕ್‌ಗಳು ಈಗಲೂ ಹೊಗಳುತ್ತಾರೆ.

ಮತ್ತೆ ಶೆಡ್ಡಿಗೆ ಬರೋಣ. ಹೆರಾಲ್ಡಿನ ಟಾಪನ್ನು ಯಾರೂ ಕತ್ತರಿಸಿರಲಿಲ್ಲ. ಬೋಲ್ಟ್ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಮೇಸ್ತ್ರಿ ಮೊದಲು ಕೈ ಹಾಕಿದ್ದು ಬಣ್ಣಕ್ಕಲ್ಲ, ಚಾಸಿಸ್ಸಿಗೆ. ಚಾಸಿಸ್ಸಿನಿಂದ ಪಕ್ಕಕ್ಕೆ ಚಾಚಿದ ಕೈಗಳ ಮೇಲೆ ಬಾಡಿ ಕೂರುತ್ತದೆ. ಮಳೆನೀರು, ಕೆಸರು ಸೇರಿ ತುಕ್ಕು ತಿನ್ನುವುದು ಅಲ್ಲೇ. ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಹಪ್ಪಳದಂತೆ ಉದುರಿತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿದರು. ಅದಕ್ಕೂ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪ್ ಬಿಗಿದರು. ಟಾಪ್ ಇಲ್ಲದ ಗಾಡಿಗೆ ಈ ಆಸರೆ ಕೊಡದೆ ಕೆಲಸ ಮಾಡಿದರೆ ಬಾಗಿಲಿನ ಸಂದು ಕೂಡಿಕೊಳ್ಳುತ್ತದೆ, ಆಮೇಲೆ ಏನು ಮಾಡಿದರೂ ಬಾಗಿಲು ಹೊಂದುವುದಿಲ್ಲ.

ತುಕ್ಕಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲ ಚೆನ್ನಾಗಿ ಕಾಣುತ್ತದೆ. ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ತಗಡು ಬರಿದಾಗುವ ತನಕ ಉಜ್ಜಿ, ಪ್ರೈಮರ್ ಹೊಡೆದು, ತಟ್ಟಿ ಸರಿಮಾಡಲಾಗದ ಸಣ್ಣ ತಗ್ಗಿಗೆ ಮಾತ್ರ ತೆಳ್ಳಗೆ ಪಟ್ಟಿ ಹಾಕಿದರು.

ಇಷ್ಟೆಲ್ಲ ಆದಮೇಲೆ ಮಾಲೀಕರ ಮಗ ಕೇಳಿದ: "ಹೆಂಗಿದ್ರೂ ಟಾಪ್ ಬಿಚ್ಚಿದೀರಲ್ಲ, ಹಂಗೇ ಬಿಟ್ಟು ಬಟ್ಟೆ ಹುಡ್ ಹಾಕ್ಸಿದ್ರೆ ಆಗಲ್ವಾ? ಇಂಗ್ಲೆಂಡಲ್ಲಿ ಇತ್ತಂತಲ್ಲ?"

ಆಗುತ್ತದೆ. ಆದರೆ ಕಾನೂನು ಒಪ್ಪುವುದಿಲ್ಲ. ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಕಾರು, ಬೈಕುಗಳಿಗೆ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಎಂದು ಆ ನಿಯಮ ಹೇಳಿತು. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿಗೆ ಅಡ್ಡಿಯಿಲ್ಲ.

ಆರ್‌ಸಿ ತೆಗೆದು ನೋಡಿದೆವು. ಬಾಡಿಯ ಕಾಲಂನಲ್ಲಿ 'ಸಲೂನ್' ಎಂದಿತ್ತು. ಅಂದರೆ ಈ ಕಾರು ಹುಟ್ಟಿದ್ದೇ ಟಾಪ್ ಸಮೇತ. ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಆಮೇಲೆ ಗೋಡೆಗೆ ಒರಗಿಸಿದ್ದ ಟಾಪಿನ ಒಂದು ತುದಿ ತಾನೇ ಹಿಡಿದ. ಇನ್ನೊಂದು ತುದಿ ಮೇಸ್ತ್ರಿ ಹಿಡಿದರು.

ನಿಮ್ಮೂರಿನ ಯಾವುದೋ ಕೊಟ್ಟಿಗೆಯಲ್ಲೂ ಇಂಥದ್ದೊಂದು ಕಾರು ಹುಲ್ಲಿನ ಕೆಳಗೆ ಬಿದ್ದಿರಬಹುದು. ಗುಜರಿಗೆ ಹಾಕುವ ಮೊದಲು, ಟಾಪ್ ಕುಯ್ಯಿಸುವ ಮೊದಲು, ಒಮ್ಮೆ ಆರ್‌ಸಿ ಹುಡುಕಿ ನೋಡಿ. ಹಾಳಾದ ತಗಡನ್ನು ಮತ್ತೆ ಮಾಡಿಸಬಹುದು. ಕುಯ್ಸಿದ ಮೇಲೆ ಅದು ಹುಟ್ಟಿದ ಕಾರಾಗಿ ಉಳಿಯುವುದಿಲ್ಲ.