ಒಳಗಿನವರ ಸಂದರ್ಶನಕ್ಕೆ ಯಾವ ಅಂಗಿ?

ಬೆಳಗ್ಗೆ ಒಂಬತ್ತರ ಹೊತ್ತಿಗೆ ಘಾಟ್ಕೋಪರ್‌ನಲ್ಲಿ ಲೋಕಲ್‌ನಿಂದ ಇಳಿದವರು ಸೇತುವೆ ಹತ್ತಿ ಮೆಟ್ರೋ ಕಡೆಗೆ ನುಗ್ಗುತ್ತಾರೆ. 2014ರ ಜೂನ್‌ನಲ್ಲಿ ವರ್ಸೋವಾ–ಘಾಟ್ಕೋಪರ್ ಮೆಟ್ರೋ ಆರಂಭವಾದಾಗಿನಿಂದ ಅಂಧೇರಿ ಪೂರ್ವದ ಕಚೇರಿಗಳಿಗೆ ಹೋಗುವವರು ಹಿಡಿಯುವ ದಾರಿಯಿದು. ಈ ಗುಂಪಿನಲ್ಲಿ ಯಾರು ಮ್ಯಾನೇಜರ್, ಯಾರು ನಿನ್ನೆ ಮೊನ್ನೆ ಸೇರಿದವರು ಎಂದು ಬಟ್ಟೆ ನೋಡಿ ಹೇಳುವುದು ಕಷ್ಟ. ಟೀ ಶರ್ಟ್, ಜೀನ್ಸ್, ಬೆನ್ನಿಗೊಂದು ಚೀಲ. ಇಂಥವರ ಕಚೇರಿಯಲ್ಲಿ ಮೇಲಿನ ಹುದ್ದೆಯೊಂದು ಖಾಲಿಯಾಗಿ, ಒಳಗಿನವರನ್ನೇ ಸಂದರ್ಶನಕ್ಕೆ ಕರೆದರೆ ಏನು ಹಾಕಿಕೊಂಡು ಹೋಗಬೇಕು? ಮುಂಬಯಿಗೆ ಬಂದ ಕನ್ನಡಿಗರ ಹಿಂದಿನ ತಲೆಮಾರಿಗೆ ಈ ಪ್ರಶ್ನೆ ಹುಟ್ಟುವ ಸಂದರ್ಭವೇ ಕಡಿಮೆಯಿತ್ತು.

ಕರಾವಳಿಯಿಂದ ಬಂದ ಹುಡುಗರು ಹೋಟೆಲಿಗೆ ಸೇರುತ್ತಿದ್ದರು. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕ್ ಕೂಡ ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ತಟ್ಟೆ ತೊಳೆಯುವವನಿಗೆ ಚಡ್ಡಿ, ಬನಿಯನ್. ಬಡಿಸುವವನಿಗೆ ತೊಳೆದ ಅಂಗಿ. ಗಲ್ಲಾದಲ್ಲಿ ಕೂರುವವನಿಗೆ ಇಸ್ತ್ರಿಯ ಬಿಳಿ ಬಟ್ಟೆ. ಅಲ್ಲಿ ಸಂದರ್ಶನವೆಂಬುದಿರಲಿಲ್ಲ, ವರ್ಷಗಟ್ಟಲೆ ಕಂಡ ಧಣಿಯ ಒಂದು ಮಾತು ಸಾಕಿತ್ತು. ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಬ್ಯಾಂಕು, ಕಚೇರಿ ಸೇರಿದವರಿಗೂ ಬಟ್ಟೆಯೇ ಗುರುತು. ಖಾಕಿ ತೊಟ್ಟ ಜವಾನ ಗುಮಾಸ್ತನಾದರೆ ಖಾಕಿ ಕಳಚುತ್ತಿದ್ದ. ಮೊದಲು ಬಡ್ತಿ, ಆಮೇಲೆ ಬಟ್ಟೆ. ಆಸೆ ಮನಸ್ಸಿನೊಳಗೇ ಇರಬಹುದಿತ್ತು.

ಈ ಏಣಿ ಬಟ್ಟೆಯಿಂದ ಮಾಯವಾಗಲು ಶುರುವಾದದ್ದು ದೂರದ ಹವಾಯಿಯಲ್ಲಿ. ಅಲ್ಲಿನ ಉಡುಪು ತಯಾರಕರು ತಮ್ಮ ಹೂವಿನ ಅಂಗಿಗಳನ್ನು ಕಚೇರಿಯೊಳಕ್ಕೆ ತರಲು 1966ರಲ್ಲಿ ‘ಅಲೋಹಾ ಶುಕ್ರವಾರ’ವನ್ನು ಪ್ರಚಾರ ಮಾಡಿದರು. 1992ರಲ್ಲಿ ಲೀವೈಸ್ ಕಂಪನಿ, ಕಚೇರಿಗೆ ಸಡಿಲ ಉಡುಪು ಹೇಗಿರಬೇಕೆಂಬ ಕಿರುಪುಸ್ತಿಕೆಯನ್ನು ಅಮೆರಿಕದ ಸುಮಾರು 25,000 ಸಿಬ್ಬಂದಿ ವಿಭಾಗದ ಅಧಿಕಾರಿಗಳಿಗೆ ಕಳಿಸಿತು. ಎರಡು ಕಡೆಯೂ ಬಟ್ಟೆ ಮಾರುವವರದೇ ಉತ್ಸಾಹ. ಸಾಫ್ಟ್‌ವೇರ್ ಕೆಲಸದ ಜೊತೆ ಆ ಗಾಳಿ ಇಲ್ಲಿಗೂ ಬೀಸಿತು. ವಾರದ ಬಹುಪಾಲು ದಿನ ಔಪಚಾರಿಕ ಉಡುಪು ಬೇಕೆನ್ನುತ್ತಿದ್ದ ಬೆಂಗಳೂರಿನ ಇನ್ಫೋಸಿಸ್ ಕೂಡ 2015ರ ಜೂನ್‌ನಲ್ಲಿ ನಿಯಮ ಸಡಿಲಿಸಿತು.

ಬಟ್ಟೆಯ ಮೆಟ್ಟಿಲುಗಳು ಹೋದವು, ಹುದ್ದೆಯ ಮೆಟ್ಟಿಲುಗಳು ಹೋಗಲಿಲ್ಲ. ಒಳಗಿನವರ ಸಂದರ್ಶನದ ಇಕ್ಕಟ್ಟು ಇಲ್ಲೇ ಇದೆ. ಎದುರು ಕೂರುವವರು ಅಭ್ಯರ್ಥಿಯನ್ನು ಐದಾರು ವರ್ಷದಿಂದ ಕಂಡವರು. ಒಂದು ಕೋಟು ಅವರಿಗೆ ಹೊಸದೇನನ್ನೂ ಹೇಳದು. ಆದರೆ ಪಕ್ಕದ ಮೇಜಿನವರಿಗೆ ಬೆಳಗ್ಗೆಯೇ ಎಲ್ಲ ಹೇಳಿಬಿಡುತ್ತದೆ. ಇಸ್ತ್ರಿಯ ಅಂಗಿ ಕಂಡರೆ ‘ಏನು, ಇಂಟರ್‌ವ್ಯೂನಾ?’ ಎಂಬ ನಗೆಮಾತು. ಸೀರೆ ಉಟ್ಟರೆ ‘ಇವತ್ತೇನು ವಿಶೇಷ?’ ಎಂಬ ಪ್ರಶ್ನೆ. ಅದೇ ಹುದ್ದೆಗೆ ಅರ್ಜಿ ಹಾಕಿದವರು ಆ ಪಕ್ಕದ ಮೇಜಿನಲ್ಲೇ ಇರಬಹುದು. ಹೊರಗಿನ ಸಂದರ್ಶನದಲ್ಲಿ ಸೋತವರು ಮನೆಗೆ ಹೋಗಬಹುದು. ಒಳಗಿನ ಸಂದರ್ಶನದಲ್ಲಿ ಸೋತವರು ಅದೇ ಅಂಗಿಯಲ್ಲಿ, ಅದೇ ಕುರ್ಚಿಗೆ ಮರಳಿ, ಸಂಜೆಯವರೆಗೆ ಕೆಲಸ ಮಾಡಬೇಕು.

ಅದಕ್ಕೇ ಕೆಲವರು ಅಂಗಿಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಡುತ್ತಾರೆ. ಘಾಟ್ಕೋಪರ್‌ನ ನೂಕುನುಗ್ಗಲಿನಲ್ಲಿ ಇಸ್ತ್ರಿಯೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಇನ್ನು ಕೆಲವರು ವಾರಕ್ಕೆ ಮೊದಲೇ ಕಾಲರ್ ಅಂಗಿ ಹಾಕಲು ಶುರುಮಾಡಿ, ಆ ದಿನವನ್ನು ಉಳಿದ ದಿನಗಳೊಳಗೆ ಅಡಗಿಸುತ್ತಾರೆ. ಎರಡನೆಯದು ಹೆಚ್ಚು ಜಾಣ ದಾರಿ: ದಿನದ ಉಡುಪಿಗಿಂತ ಒಂದೇ ಮೆಟ್ಟಿಲು ಮೇಲೆ, ಎರಡಲ್ಲ. ಫಲಿತಾಂಶ ಏನೇ ಬಂದರೂ ಮರುದಿನವೂ ಅದನ್ನೇ ಹಾಕಿಕೊಂಡು ಬರಬಹುದು.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುತ್ತದೆ ಗಾದೆ. ಸಡಿಲ ಉಡುಪಿನ ಕಚೇರಿ ನೋಟವನ್ನೂ ನಿಮ್ಮಿಚ್ಛೆಗೇ ಬಿಟ್ಟಿದ್ದೇವೆ ಎನ್ನುತ್ತದೆ. ಆದರೆ ಮೇಲಿನ ಕುರ್ಚಿ ಬೇಕೆಂದು ಒಬ್ಬರು ಎದ್ದು ನಿಂತ ದಿನ, ಎಲ್ಲರ ಕಣ್ಣೂ ಅವರ ಅಂಗಿಯ ಮೇಲೇ ಇರುತ್ತದೆ.