ಟೇಲರನ ಒಂಬತ್ತು ಸಂಪುಟ, ಮತ್ತು ಅದರಲ್ಲಿಲ್ಲದ ಕಥೆ

ಮೂರು ತಿಂಗಳಿಂದ ರಾತ್ರಿ ಊಟ ಆದಮೇಲೆ ನನ್ನದು ಒಂದೇ ಕೆಲಸ. ಮಹಾಂತೇಶ ನಗರದ ಮನೆಯ ಮಹಡಿ ಮೇಲೆ ಕೂತು ಫಿಲಿಪ್ ಮೆಡೋಸ್ ಟೇಲರನ ಕಾದಂಬರಿ ಓದೋದು. 'ತಾರಾ' (1863), 'ರಾಲ್ಫ್ ಡಾರ್ನೆಲ್' (1865), 'ಸೀತಾ' (1872). ಮೊದಲು ಅಚ್ಚಾದಾಗ ಒಂದೊಂದೂ ಮೂರು ಸಂಪುಟ, ಒಟ್ಟು ಒಂಬತ್ತು! ಬೇರೆಯವರು ಬರೆದ ಕೋಡ್ ಓದೋದಕ್ಕಿಂತ ಸುಲಭ ಇರಬಹುದು ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ ಬಿಡಿ.

ಆದರೆ ಅವನ ಲೆಕ್ಕಾಚಾರ ಚೆನ್ನಾಗಿದೆ. 1657, 1757, 1857... ನೂರು ನೂರು ವರ್ಷದ ಅಂತರ. ಮೊದಲನೆಯದರಲ್ಲಿ ಶಿವಾಜಿ ಮತ್ತು ಬಿಜಾಪುರ, ಎರಡನೆಯದರಲ್ಲಿ ಪ್ಲಾಸಿ ಕದನ, ಮೂರನೆಯದರಲ್ಲಿ ಸಿಪಾಯಿ ದಂಗೆ. ಕಂಪನಿ ಸರಕಾರ ಬೇರು ಬಿಟ್ಟಿದ್ದು, ಅಲುಗಾಡಿದ್ದು ಎಲ್ಲಾ ಬರುತ್ತೆ.

ಟೇಲರ್ ನಮಗೆ ದೂರದವನೇನಲ್ಲ. 1841ರಿಂದ 1853ರವರೆಗೆ ಸುರಪುರದಲ್ಲಿದ್ದು, ಎಳೆಯ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡವನು. ಹುಡುಗ ಅವನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. ಅವನಿದ್ದ ಬಂಗಲೆ 'ಟೇಲರ್ ಮಂಜಿಲ್' ಇವತ್ತಿಗೂ ಸುರಪುರದಲ್ಲಿದೆ.

ಅದೇ ಹುಡುಗ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕಾಗ ಟೇಲರ್ ಹೋಗಿ ಭೇಟಿಯಾದ. ನಿನ್ನನ್ನು ಎತ್ತಿಕಟ್ಟಿದವರು ಯಾರು ಹೇಳು ಅಂದರೆ ಹುಡುಗ ಹೆಸರು ಹೇಳಲಿಲ್ಲ. ಚೆಂಗಲ್ಪಟ್ಟಿನ ಸೆರೆಗೆ ಒಯ್ಯುವಾಗ ದಾರಿಯಲ್ಲೇ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡ ಅಂತ ಟೇಲರ್ ಬರೆದಿದ್ದಾನೆ.

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕಡೆ ನರಗುಂದದ ಬಾಬಾಸಾಹೇಬನೂ ಎದ್ದಿದ್ದ. ದತ್ತು ತಗೊಳ್ಳೋಕೆ ಸರಕಾರ ಒಪ್ಪದ ಸಿಟ್ಟು ಅವನಿಗೆ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ಜೂನ್ 12ರಂದು ಬಾಬಾಸಾಹೇಬನಿಗೆ ಗಲ್ಲಾಯಿತು. ಎಲ್ಲಿ ಅಂತೀರಾ? ಇಲ್ಲೇ, ಬೆಳಗಾವಿಯಲ್ಲಿ.

ಇದೆಲ್ಲ 'ಸೀತಾ'ದಲ್ಲಿ ಸಿಗುತ್ತೆ ಅಂತ ಕಾದೆ. ಆ ಕಥೆ ನಡೆಯೋದು ನೂರ್‌ಪುರ ಅನ್ನೋ ಕಲ್ಪನೆಯ ಊರಲ್ಲಿ! ಸುರಪುರದ ಹುಡುಗ ಸಿಕ್ಕಿದ್ದು ಟೇಲರನ ಆತ್ಮಕಥೆಯಲ್ಲಿ. ಅದು ಅಚ್ಚಾಗಿದ್ದು 1877ರಲ್ಲಿ, ಅವನು ಸತ್ತ ಮರುವರ್ಷ. ಒಂಬತ್ತು ಸಂಪುಟ ಓದಿ ಆಗದ ಸಂಕಟ ಆ ಕೆಲವೇ ಪುಟ ಓದಿ ಆಯಿತು. ಸಾಕಿದವನೂ ಅವನೇ, ಆಳುವವರ ಕಡೆಯವನೂ ಅವನೇ.

ಅವನು ಬರೆಯಲಿಲ್ಲ ಅಂತ ದೂರುವ ಮೊದಲು ನನ್ನನ್ನೇ ಕೇಳಿಕೊಂಡೆ. ಖಾನಾಪುರ ದಾಟಿ ನಂದಗಡಕ್ಕೆ ಹೋಗಿ, 1831ರಲ್ಲಿ ಗಲ್ಲಿಗೇರಿದ ರಾಯಣ್ಣನ ಸಮಾಧಿಗೆ ಕೈಮುಗಿದು ಬಂದಿದ್ದೇನೆ. ಆದರೆ ನಾನು ದಿನಾ ಗಾಡಿ ಓಡಿಸೋ ಈ ಊರಲ್ಲೇ ಸತ್ತ ಬಾಬಾಸಾಹೇಬನನ್ನು ಒಮ್ಮೆಯೂ ನೆನೆದಿರಲಿಲ್ಲ.

ಮುಂದಿನ ರಜೆಗೆ ಸುರಪುರ. ಟೇಲರ್ ಮಂಜಿಲ್ ನೋಡಿದವರಿದ್ದರೆ ಹೇಳಿ, ಒಟ್ಟಿಗೆ ಹೋಗೋಣ.