ಮಿದುಳಿನಲ್ಲಿ ದ್ರವ ಸಂಗ್ರಹ: ಸಂಕೇತ ಮತ್ತು ದಾಖಲೆ

ಮಿದುಳಿನ ಕುಹರಗಳಲ್ಲಿ ಮಿದುಳುಬಳ್ಳಿ ದ್ರವವು ಮಿತಿಮೀರಿ ಸಂಗ್ರಹವಾಗುವ ಸ್ಥಿತಿಗೆ ಹೈಡ್ರೋಸೆಫಾಲಸ್ ಎಂದು ಹೆಸರು. ವಯಸ್ಕರಲ್ಲಿ ಈ ದ್ರವ ದಿನಕ್ಕೆ ಸುಮಾರು 500 ಮಿ.ಲೀ. ಉತ್ಪತ್ತಿಯಾಗುತ್ತದೆ, ಒಂದು ಸಮಯಕ್ಕೆ ಇರುವುದು ಸುಮಾರು 150 ಮಿ.ಲೀ. ಮಾತ್ರ. ಹರಿವಿಗೆ ತಡೆಯುಂಟಾದರೆ ಅಥವಾ ಹೀರಿಕೆ ಕುಂದಿದರೆ ಕುಹರಗಳು ಹಿಗ್ಗುತ್ತವೆ.

ಆಸ್ಪತ್ರೆಯ ದಾಖಲೆಗಳಲ್ಲಿ ಈ ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ವರ್ಗೀಕರಣದ ಸಂಕೇತಗಳಿಂದ ಗುರುತಿಸಲಾಗುತ್ತದೆ. ಸಂಕೇತಕ್ಕೆ ವೈದ್ಯರ ಬರಹವೇ ಆಧಾರ. ಸ್ಕ್ಯಾನ್ ವರದಿ ನೋಡಿ ಕೋಡರ್ ತಾನೇ ರೋಗ ನಿರ್ಣಯಿಸುವಂತಿಲ್ಲ.

ಮುಖ್ಯ ಸಂಕೇತಗಳು

* ಜಿ91.0: ಕುಹರಗಳ ನಡುವೆ ತಡೆಯಿಲ್ಲದ ಬಗೆ
* ಜಿ91.1: ಹರಿವಿಗೆ ತಡೆಯಿರುವ ಬಗೆ
* ಜಿ91.2: ಒತ್ತಡ ಸಹಜವಾಗಿರುವ ಬಗೆ
* ಜಿ91.3: ಪೆಟ್ಟಿನ ನಂತರದ್ದು
* ಜಿ91.9: ಬಗೆ ನಮೂದಿಸದಿದ್ದಾಗ
* ಕ್ಯೂ03: ಜನ್ಮಜಾತ

ಮಿದುಳಿನ ಅಂಗಾಂಶವೇ ಊದಿಕೊಳ್ಳುವ ಸೆರೆಬ್ರಲ್ ಎಡಿಮಾ ಬೇರೆಯೇ ಸ್ಥಿತಿ. ಅದರ ಸಂಕೇತ ಜಿ93.6. "ಮಿದುಳಿನಲ್ಲಿ ನೀರು" ಎಂದಷ್ಟೇ ಬರೆದರೆ ಎರಡರ ವ್ಯತ್ಯಾಸ ಅಳಿಸಿಹೋಗುತ್ತದೆ.

ಜನ್ಮಜಾತವೋ, ಅನಂತರ ಬಂದದ್ದೋ?

ಹೆಚ್ಚಿನ ಗೊಂದಲ ಉಂಟಾಗುವುದು ಇಲ್ಲಿಯೇ. ನವಜಾತ ಶಿಶುವಿಗೆ ಜನನಾನಂತರ ಬಂದಿದ್ದರೆ ಪಿ91.7, ಬೆನ್ನುಹುರಿಯ ಸ್ಪೈನಾ ಬೈಫಿಡಾ ದೋಷವೂ ಜೊತೆಗಿದ್ದರೆ ಕ್ಯೂ05 ವರ್ಗ. ಕ್ಷಯದ ಮೆನಿಂಜೈಟಿಸ್‌ನಿಂದ ಬಂದಿದ್ದರೆ ಮೂಲ ರೋಗದ ಎ17.0 ಮೊದಲು, ಜಿ94.0 ಅದರೊಡನೆ. ಹಲವು ವಿಮಾ ಪಾಲಿಸಿಗಳಲ್ಲಿ ಜನ್ಮಜಾತ ದೋಷಗಳಿಗೆ ಪ್ರತ್ಯೇಕ ಷರತ್ತುಗಳಿರುತ್ತವೆ. ಸೋಂಕಿನಿಂದ ಬಂದ ತೊಂದರೆ ಕ್ಯೂ03 ಎಂದು ದಾಖಲಾದರೆ ಕುಟುಂಬವು ಪರಿಹಾರಕ್ಕಾಗಿ ಅಲೆಯಬೇಕಾದೀತು.

ವೃದ್ಧರ ವಿಷಯದಲ್ಲಿ

1965ರಲ್ಲಿ ಹಕೀಮ್ ಮತ್ತು ಆಡಮ್ಸ್ ವಿವರಿಸಿದ ಸಹಜ ಒತ್ತಡದ ಬಗೆಯಲ್ಲಿ ನಡಿಗೆಯ ತೊಡಕು, ಮರೆವು ಮತ್ತು ಮೂತ್ರ ನಿಯಂತ್ರಣದ ನಷ್ಟ ಕಾಣಿಸಿಕೊಳ್ಳುತ್ತವೆ. ಕೇವಲ "ಮರೆವಿನ ರೋಗ" ಎಂದು ಬರೆದರೆ, ಷಂಟ್ ಶಸ್ತ್ರಚಿಕಿತ್ಸೆಯಿಂದ ಸುಧಾರಿಸಬಹುದಾದ ಕಾರಣವೊಂದು ಮುಂದಿನ ವೈದ್ಯರ ಗಮನಕ್ಕೆ ಬಾರದೆ ಹೋಗಬಹುದು.

ಷಂಟ್ ಇದ್ದಾಗ

ಷಂಟ್ ಅಳವಡಿಸಿರುವುದನ್ನು ಜ಼ೆಡ್98.2 ಸೂಚಿಸುತ್ತದೆ. ಅದು ಕಟ್ಟಿಕೊಂಡರೆ ಅಥವಾ ಸ್ಥಾನಪಲ್ಲಟವಾದರೆ ಟಿ85.0. ಅಳವಡಿಸಿದ ದಿನಾಂಕ, ಕವಾಟದ ಬಗೆ ಮತ್ತು ಹೊಂದಿಸಿದ ಒತ್ತಡ ಡಿಸ್ಚಾರ್ಜ್ ಸಮ್ಮರಿಯಲ್ಲಿರಬೇಕು. ವಾಂತಿ, ತಲೆನೋವು, ಮಂಪರಿನೊಡನೆ ರೋಗಿ ರಾತ್ರಿ ಬೇರೆ ಆಸ್ಪತ್ರೆಗೆ ಬಂದಾಗ ವೈದ್ಯರಿಗೆ ಮೊದಲು ಬೇಕಾಗುವುದು ಇದೇ ವಿವರ.

2022ರ ಜನವರಿಯಿಂದ ಐಸಿಡಿ-11 ಜಾರಿಯಲ್ಲಿದ್ದು, ಅದರ ಸಂಕೇತಗಳು ಭಿನ್ನ. ಆಸ್ಪತ್ರೆಯಿಂದ ಹೊರಡುವ ಮುನ್ನ ಸಮ್ಮರಿಯಲ್ಲಿ ರೋಗದ ಬಗೆ, ಕಾರಣ ಮತ್ತು ಷಂಟ್‌ನ ವಿವರಗಳಿವೆಯೇ ಎಂದು ಪರಿಶೀಲಿಸಿ; ತಪ್ಪಿದ್ದರೆ ಚಿಕಿತ್ಸೆ ನೀಡಿದ ವೈದ್ಯರಿಂದಲೇ ಲಿಖಿತ ತಿದ್ದುಪಡಿ ಪಡೆಯಿರಿ.